ಶಿಡ್ಲಘಟ್ಟ ಸೀಮೆಯ ನೂಲು ಬಿಚ್ಚುವ ವಿದ್ಯೆ

ಸಂಸ್ಕೃತದಲ್ಲಿ ರೇಷ್ಮೆಗೆ ಕೌಶೇಯವೆಂದು ಹೆಸರು. ಕೋಶದಿಂದ, ಎಂದರೆ ಗೂಡಿನಿಂದ, ಹುಟ್ಟಿದುದಾದುದರಿಂದ ಆ ಹೆಸರು ಬಂದಿತು. ಕೋಶ ಶಬ್ದದಿಂದ ಕೌಶೇಯವನ್ನು ಸಾಧಿಸುವುದಕ್ಕೆ ಪಾಣಿನಿಯು ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ರಚಿಸಿದ್ದಾನೆ. ಆದರೆ ಗೂಡಿನಿಂದ ಎಳೆಯು ಹೊರಡುವ ಬಗೆಯು ವ್ಯಾಕರಣದಿಂದ ತಿಳಿಯತಕ್ಕುದಲ್ಲ. ಅದನ್ನು ತಿಳಿಯಬೇಕಾದವರು ಶಿಡ್ಲಘಟ್ಟದ ಓಣಿಗಳಲ್ಲಿ ಬಿಸಿನೀರಿನ ಬಾನಿಯ ಮುಂದೆ ಕುಳಿತವರ ಬಳಿಗೆ ಹೋಗಬೇಕು.

ಮೈಸೂರು ಸೀಮೆಯಲ್ಲಿ ಈ ಕಸುಬನ್ನು ಊರಿಸಿದವನು ಟಿಪ್ಪು ಸುಲ್ತಾನನು. ೧೭೮೬ರಲ್ಲಿ ಬುರ್ಹಾನುದ್ದೀನ್, ಕಸ್ತೂರಿ ರಂಗ ಎಂಬಿಬ್ಬರು ಬಂಗಾಳದಿಂದ ರೇಷ್ಮೆಯ ಹುಳುಗಳನ್ನು ತರುತ್ತಿದ್ದರು. ಹುಳುಗಳನ್ನು ಎಂತಹ ಸ್ಥಳದಲ್ಲಿಡಬೇಕು, ಹೇಗೆ ವೃದ್ಧಿಪಡಿಸಬೇಕು ಎಂಬುದನ್ನು ಅವರನ್ನೇ ಕೇಳಿ ತಿಳಿಯುವಂತೆ ಸುಲ್ತಾನನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಯಿಸಿದನು. ಹುಳುವೂ ಹೊರನಾಡಿನದು, ವಿದ್ಯೆಯೂ ಹೊರನಾಡಿನದು. ಕಂಡುಬಂದವರನ್ನು ಕೇಳುವುದಲ್ಲದೆ ಬೇರೆ ಉಪಾಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಜಪಾನೀಯರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆಯ ಕೃಷಿಕ್ಷೇತ್ರವನ್ನು ನಡೆಯಿಸಿದರು. ತರುವಾಯ ಮೈಸೂರು ಸರ್ಕಾರದವರು ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಯಿಸಿಕೊಂಡರು. ೧೯೪೯ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯು ಸ್ಥಾಪಿತವಾಯಿತು. ಇವರೆಲ್ಲರ ಹೆಸರುಗಳೂ ದಫ್ತರಗಳಲ್ಲಿ ಉಳಿದುವು. ಮಗ್ಗುಲಲ್ಲಿ ಕುಳ್ಳಿರಿಸಿಕೊಂಡು ನೂಲು ಬಿಚ್ಚುವುದನ್ನು ಕಲಿಸಿದವರ ಹೆಸರುಗಳನ್ನು ಬರೆದಿಟ್ಟವರಿಲ್ಲ.

ಆ ಕೆಲಸವಾದರೋ ಸಾಮಾನ್ಯವಾದುದಲ್ಲ. ಹುಳುವು ಎಂಟರ ಅಂಕೆಯಂತೆ ತಲೆಯಾಡಿಸುತ್ತ ಒಂದೇ ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಹಳೆಯ ಮೈಸೂರು ತಳಿಯ ಗೂಡಿನಲ್ಲಿ ಆ ಎಳೆಯ ಉದ್ದ ಕೆಲವು ನೂರು ಮೀಟರು. ದ್ವಿತಳಿಯ ಬಿಳಿಯ ಗೂಡಿನಲ್ಲಿ ಸಾವಿರ ಮೀಟರಿನಷ್ಟೂ ಇರುವುದುಂಟು. ಎಳೆಯನ್ನು ಹಿಡಿದುಕೊಂಡಿರುವ ಅಂಟು ಬಿಸಿನೀರಿನಲ್ಲಿ ಮೆತ್ತಗಾದಾಗ, ಗೂಡುಗಳನ್ನು ಕಡ್ಡಿಯಿಂದ ಮೆಲ್ಲನೆ ತಡವಿ ತುದಿಯನ್ನು ಹುಡುಕಬೇಕು. ಬೇಯುವುದು ಸಾಲದಿದ್ದರೆ ಎಳೆಯು ಕಡಿಯುವುದು. ಮಿತಿಮೀರಿದರೆ ಸಿಕ್ಕಾಗಿ ಏಳುವುದು. ಒಂದು ಗೂಡಿನ ಎಳೆಯು ಬಲು ತೆಳುವಾದುದರಿಂದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿಯೇ ಒಂದು ನೂಲಾಗಬೇಕು. ಒಂದು ಗೂಡು ಮುಗಿದೊಡನೆ ಮತ್ತೊಂದರ ತುದಿಯನ್ನು ಸೇರಿಸದಿದ್ದರೆ ಅಲ್ಲಿ ನೂಲು ಸಣ್ಣಗಾಗುತ್ತದೆ. ಆ ತಪ್ಪು ಬಾನಿಯ ಬಳಿ ಕಾಣುವುದಿಲ್ಲ. ದೊಡ್ಡಬಳ್ಳಾಪುರದ ನೇಕಾರನ ಮಗ್ಗದಲ್ಲಿ ಕಾಣುತ್ತದೆ.

ಚರಕದ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ರಾಟೆಯನ್ನು ತಿರುಗಿಸುವರು, ಇನ್ನೊಬ್ಬರು ಎಳೆಯನ್ನು ಕೊಡುವರು. ಹೊಸಬರು ಮೊದಲು ತಿರುಗಿಸುವ ಕಡೆಗೆ ನಿಲ್ಲುವರು. ಅಲ್ಲಿ ಕೈಗಿಂತ ಮೊದಲು ಕಣ್ಣು ಕಲಿಯುತ್ತದೆ. ಬಾನಿಯ ಮುಂದೆ ಕೂತ ದಿನ ಬೆರಳು ಹಿಂಜರಿಯುವುದು ಸಹಜ. ಆಗ ಪಕ್ಕದ ಬಾನಿಯಾಕೆ ತನ್ನ ಕೆಲಸವನ್ನು ನಿಲ್ಲಿಸದೆಯೇ, “ಹೆದರಬೇಡಮ್ಮ, ನೀರು ನೋಡಬೇಡ, ಎಳೆ ನೋಡು” ಎನ್ನುವಳು. ಕಡಿದ ತುದಿಯನ್ನು ತಾನೇ ಎತ್ತಿ ಕೊಡುವಳು. ಕನ್ನಡ, ತೆಲುಗು, ದಖನಿ ಉರ್ದು ಈ ಮೂರೂ ಕೂಡಿದ ಮಾತಿನಲ್ಲಿ ಪಾಠವು ನಡೆಯುವುದು. ಈ ಸಹನೆಗೆ ಬೆಲೆಯುಂಟೆಂಬುದನ್ನು ಮರೆಯಬಾರದು. ತಡಮಾಡಿದರೆ ಚಿಟ್ಟೆಯು ಗೂಡನ್ನು ಕೊರೆದು ಹೊರಬೀಳುವುದು. ಕೊರೆದ ಗೂಡಿನ ಎಳೆ ತುಂಡುತುಂಡು. ಕಲಿಯುವವಳು ಕೆಡಿಸಿದ ಪ್ರತಿಯೊಂದು ಗೂಡೂ ಸಾಲ ಮಾಡಿ ಕೊಂಡುದಾಗಿರಬಹುದು. ಆದರೂ ಕಲಿಸಿದರು.

ಇದನ್ನು ಹೊಗಳುವಾಗ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಬಿಸಿನೀರಿನಲ್ಲಿ ಬೆರಳಿನ ಚರ್ಮ ಸುಲಿಯುವುದು, ಸತ್ತ ಹುಳುವಿನ ನಾತ ಬಟ್ಟೆಯನ್ನು ಬಿಡದು. ಎಳೆಯ ಮಕ್ಕಳನ್ನೂ ರೇಷ್ಮೆಯ ಕೆಲಸಕ್ಕೆ ಹಚ್ಚಿದ ಕಾಲವಿತ್ತು. ಅದನ್ನು ಕಲಿಕೆಯೆಂದು ಕರೆಯುವುದು ಆ ಶಬ್ದಕ್ಕೇ ಅಪಚಾರ.

೧೯೫೯ರ ಕಾನೂನಿನಿಂದ ಗೂಡಿನ ವ್ಯಾಪಾರವು ಸರ್ಕಾರದ ಮಾರುಕಟ್ಟೆಗೆ ಒಳಪಟ್ಟಿತು. ಶಿಡ್ಲಘಟ್ಟದ ಮಾರುಕಟ್ಟೆಯು ರಾಮನಗರದ ಮಾರುಕಟ್ಟೆಯ ಸಾಲಿನಲ್ಲಿ ಹೇಳಿಸಿಕೊಳ್ಳುವಷ್ಟು ಬೆಳೆಯಿತು. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದಾಗ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ತಾಲ್ಲೂಕುಗಳು ಅದಕ್ಕೆ ಸೇರಿದುವು. ಚರಕದ ಬಳಿಕ ಕಾಟೇಜ್ ಬೇಸಿನ್ನು, ಅದರ ಬಳಿಕ ಸ್ವಯಂಚಾಲಿತ ಯಂತ್ರ, ಹೀಗೆ ಸಾಧನಗಳು ಬದಲಾದುವು. ಯಂತ್ರದಲ್ಲಿ ನೂಲಿನ ದಪ್ಪವನ್ನು ಬೆರಳು ಅಳೆಯುವುದಿಲ್ಲ. ಅದಕ್ಕೆ ಬೇರೆ ಉಪಕರಣವಿದೆ. ನೂಲು ಕಡಿದಾಗ ಮಾತ್ರ ಆಳೊಬ್ಬರು ಬಂದು ತುದಿಯನ್ನು ಹುಡುಕಿ ಗಂಟುಹಾಕಿ ಹೋಗುತ್ತಾರೆ.