ಚಿಕ್ಕವರ ಪರಾಕ್ರಮ

ಕೊಪ್ಪಳದ ಗವಿಮಠಕ್ಕೆ ಬಾರದ ಹೆಣ್ಣುಮಗಳು ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಗಂಗಾವತಿಯವಳಿರಲಿ, ಕುಷ್ಟಗಿಯವಳಿರಲಿ, ಯಲಬುರ್ಗಾದವಳಿರಲಿ, ಅಮಾವಾಸ್ಯೆಗೋ ಜಾತ್ರೆಗೋ ಬಂದು ಗದ್ದುಗೆಗೆ ಹಣೆ ಹಚ್ಚಿ, ಪ್ರಸಾದ ಉಂಡು ಹೋಗಿರುತ್ತಾಳೆ. ಆದರೆ ಅದೇ ಗುಡ್ಡದ ಮೇಲೆ ಒಂದು ಬಂಡೆಯಿದೆ. ಅದರ ಮೇಲೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಬರಹವಿದೆ. ಅಲ್ಲಿಯವರೆಗೆ ಹತ್ತಿದವರು ಕಡಿಮೆ. ಹತ್ತಿದವರಲ್ಲಿಯೂ ಅದು ಏನು ಹೇಳುತ್ತದೆ ಎಂದು ಕೇಳಿದವರು ಇನ್ನೂ ಕಡಿಮೆ.

ಅದು ಅಶೋಕನ ಶಾಸನ. ಕೊಪ್ಪಳ ನಿಜಾಮರ ಸೀಮೆಯಲ್ಲಿ ಸಾಲಾರ್ ಜಂಗರ ಜಹಗೀರಾಗಿದ್ದ ಕಾಲದಲ್ಲಿ, 1931ರಲ್ಲಿ, ಇದು ಹೊರ ಜಗತ್ತಿಗೆ ಗೊತ್ತಾಯಿತು. ಇಂಥದೇ ಇನ್ನೊಂದು ಪಾಲ್ಕಿಗುಂಡಿನಲ್ಲಿದೆ. ಎರಡು ಬಂಡೆಗಳ ಮೇಲೆ ಒಂದು ಚಪ್ಪಡಿ ಪಲ್ಲಕ್ಕಿಯ ಹಾಗೆ ಕುಳಿತಿರುವುದರಿಂದ ಆ ಹೆಸರು. ಅಲ್ಲಿಯ ಬರಹ ಬಹಳ ಸವೆದಿದೆ, ಗವಿಮಠದ್ದು ಚೆನ್ನಾಗಿ ಉಳಿದಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಸಮಾಜ ವಿಜ್ಞಾನದ ಪಾಠದಲ್ಲಿ ಇದಕ್ಕೆ ಒಂದು ಸಾಲಿನ ಜಾಗ. ಮಸ್ಕಿ ಶಾಸನ ಸಿಕ್ಕದ್ದು 1915, ಅದರಲ್ಲಿ ಅಶೋಕ ಎಂಬ ಹೆಸರೇ ಇದೆ, ಕೊಪ್ಪಳದಲ್ಲಿ ಎರಡು ಶಾಸನಗಳಿವೆ: ಇಷ್ಟು ಬರೆದರೆ ಅಂಕ ಬಂತು. ಮಗು ಬಿಟ್ಟ ಸ್ಥಳ ತುಂಬಿ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಇಷ್ಟು ವರ್ಷ ಪಾಠ ಹೇಳಿದ ನನಗೆ ತರಗತಿಯಲ್ಲಿ ಒಮ್ಮೆ ಒಬ್ಬಳು ಹುಡುಗಿ ಮಾತ್ರ, “ಟೀಚರ್, ಅದರಾಗ ಏನ್ ಬರದೈತಿ?” ಎಂದು ಕೇಳಿದಳು. ಹಿಂದಿನ ಬೆಂಚಿನವಳು, ಎಲ್ಲದರಲ್ಲೂ ಕಡಿಮೆ ಅಂಕದವಳು.

ಏನು ಬರೆದಿದೆ ಎಂದರೆ, ರಾಜ ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಅದರಲ್ಲಿ ಒಂದು ವರ್ಷ ಹೇಳಿಕೊಳ್ಳುವಷ್ಟು ಶ್ರಮಪಡಲಿಲ್ಲ. ಆಮೇಲೆ ಸಂಘದ ಬಳಿಗೆ ಹೋಗಿ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ಶ್ರಮಪಡುತ್ತಿದ್ದಾನೆ. ಇದರ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದಲ್ಲ, ಚಿಕ್ಕವರೂ ಶ್ರಮಪಟ್ಟರೆ ಸ್ವರ್ಗ ಸಿಕ್ಕೀತು. ಆದ್ದರಿಂದ ಚಿಕ್ಕವರೂ ದೊಡ್ಡವರೂ ಶ್ರಮಿಸಲಿ, ಗಡಿಯಾಚೆಯವರೂ ಇದನ್ನು ತಿಳಿಯಲಿ, ಈ ಶ್ರಮ ಬಹುಕಾಲ ನಿಲ್ಲಲಿ. ಮಾತು ಇಷ್ಟೇ.

ಶ್ರಮ ಎಂದು ನಾನು ಬರೆದ ಕಡೆ ಶಾಸನದಲ್ಲಿರುವ ಮಾತು ‘ಪಕಮ’. ಅದು ನಮ್ಮ ‘ಪರಾಕ್ರಮ’ದ ಬಳಗದ ಮಾತು, ಮುಂದಕ್ಕೆ ಹೆಜ್ಜೆ ಇಡುವುದು ಅದರ ಹುಟ್ಟು ಅರ್ಥ. ಪರಾಕ್ರಮ ಎಂದರೆ ನಾವು ಮಕ್ಕಳಿಗೆ ಏನು ಕಲಿಸಿದ್ದೇವೆ? ಕುದುರೆ, ಕತ್ತಿ, ಗೆದ್ದ ಕೋಟೆ. ಕಳಿಂಗದಲ್ಲಿ ಆ ಪರಾಕ್ರಮವನ್ನು ತೋರಿಸಿ ಮುಗಿಸಿದ ದೊರೆ, ಅದೇ ಬಳಗದ ಮಾತನ್ನು ತೆಗೆದುಕೊಂಡು ಮನಸ್ಸನ್ನು ತಿದ್ದಿಕೊಳ್ಳುವ ಕೆಲಸಕ್ಕೆ ಇಟ್ಟ. ‘ಖುದಕ’ ಎಂಬ ಮಾತೂ ಹೀಗೆಯೇ. ಅದು ಸಂಸ್ಕೃತದ ಕ್ಷುದ್ರಕ. ಈಗ ಕ್ಷುದ್ರ ಎಂದರೆ ನಮಗೆ ಬೈಗುಳ, ಅಲ್ಲಿ ಅದರ ಅರ್ಥ ಚಿಕ್ಕವರು, ಹೆಸರಿಲ್ಲದ ಸಾಮಾನ್ಯರು. ನಾವು, ನೀವು.

ನಮ್ಮ ನಾಡಿನ ಶಾಸನಗಳನ್ನು ಒಂದಿಷ್ಟು ಓದಿದವರಿಗೆ ಇದರ ವಿಶೇಷ ತಟ್ಟನೆ ಗೊತ್ತಾಗುತ್ತದೆ. ರಾಜರ ಬರಹದಲ್ಲಿ ಬಿರುದುಗಳೇ ಮುಕ್ಕಾಲು ಪಾಲು ಇರುತ್ತವೆ. ಇಲ್ಲಿ ದೊರೆಯೊಬ್ಬ, ಒಂದು ವರ್ಷ ನಾನು ಸೋಮಾರಿಯಾಗಿದ್ದೆ ಎಂದು ತನ್ನ ರಾಜಧಾನಿಯಿಂದ ಇಷ್ಟು ದೂರದ ಗುಡ್ಡದಲ್ಲಿ ಕೆತ್ತಿಸಿ ಹೇಳುತ್ತಾನೆ. ಹಾಗೆಂದು ಅಶೋಕನನ್ನು ದೇವರ ಪಟದ ಸಾಲಿಗೆ ಸೇರಿಸಬೇಕಾಗಿಲ್ಲ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದರು ಎಂದು ಸಂಕಟಪಟ್ಟು ಬರೆಸಿದ ಹದಿಮೂರನೆಯ ಬಂಡೆಶಾಸನವನ್ನು ಕಳಿಂಗದಲ್ಲೇ ಹಾಕಿಸಲಿಲ್ಲ. ಧೌಲಿ, ಜೌಗಡ ಎರಡೂ ಕಡೆ ಅದನ್ನು ಬಿಟ್ಟಿದ್ದಾನೆ. ನೊಂದವರ ಎದುರಿಗೆ ತಪ್ಪೊಪ್ಪಿಕೊಳ್ಳುವುದು ಚಕ್ರವರ್ತಿಗೂ ಕಠಿಣವಾಗಿರಬೇಕು. ಗಾಯ ಕೆದಕಬಾರದೆಂದು ಬಿಟ್ಟ ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ನಿಜವೆನ್ನಿಸುತ್ತದೆ.

ಚಿಕ್ಕವರ ಮಾತಿಗೆ ಬರೋಣ. ಕೊಪ್ಪಳ ಹಳೆಯ ಕೊಪಣ. ಕವಿರಾಜಮಾರ್ಗ ಹೆಸರಿಸಿದ ಊರು, ಜೈನರ ಮಹಾತೀರ್ಥ. ರನ್ನ ತನ್ನ ಅಜಿತಪುರಾಣದಲ್ಲಿ ಅತ್ತಿಮಬ್ಬೆಯ ನಡತೆ ಎಷ್ಟು ಪವಿತ್ರವೆಂದು ಹೇಳಲು ಹುಡುಕಿದ ಹೋಲಿಕೆಗಳಲ್ಲಿ ಕೊಪಣದ ಬೆಟ್ಟವೂ ಒಂದು. ಪಾಲ್ಕಿಗುಂಡಿನಲ್ಲಿ ಅಶೋಕನ ಬರಹದ ಹತ್ತಿರವೇ ಒಂದು ಜೊತೆ ಪಾದಗಳನ್ನು ಕೆತ್ತಲಾಗಿದೆ. ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳು, ಮಾಡಿಸಿದವನು ಚಾವಯ್ಯ ಎಂದು ಹಳಗನ್ನಡದಲ್ಲಿದೆ. ಎಲ್ಲವನ್ನೂ ಬಿಟ್ಟು, ಅನ್ನವನ್ನೂ ಬಿಟ್ಟು, ದೇಹ ಬಿಡಲು ಇಲ್ಲಿಗೆ ಬರುತ್ತಿದ್ದರು. ಹೆಣ್ಣುಮಕ್ಕಳೂ ಬಂದಿದ್ದಾರೆ. ಅದು ದೊಡ್ಡ ದಾರಿ, ಅದಕ್ಕೆ ನಮಸ್ಕಾರ. ಆದರೆ ಆ ದಾರಿಯನ್ನೇ ನೋಡಿ ನೋಡಿ ನಮ್ಮ ಮನಸ್ಸಿನಲ್ಲಿ ಒಂದು ಲೆಕ್ಕ ಕುಳಿತುಬಿಟ್ಟಿದೆ. ಅಧ್ಯಾತ್ಮ ಎಂದರೆ ಕೊನೆಗೆ, ಎಲ್ಲ ಮುಗಿದ ಮೇಲೆ. ಮಗಳ ಮದುವೆಯಾಗಲಿ, ಮಗನಿಗೆ ನೌಕರಿಯಾಗಲಿ, ಮನೆಯ ಸಾಲ ತೀರಲಿ, ಆಮೇಲೆ ಕೂತು ದೇವರನ್ನು ನೆನೆದರಾಯಿತು. ನಮ್ಮ ಓಣಿಯ ಹಿರಿಯಾಕೆಯೊಬ್ಬರು ಒಮ್ಮೆ ಅಂದರು: “ಅಕ್ಕೋರ, ನಮ್ಮಂಥಾಕಿಗೆ ಎಲ್ಲೀ ಧ್ಯಾನ, ಎಲ್ಲೀ ಜಪ? ರೊಟ್ಟಿ ಬಡಿಯೋದರಾಗ ಜಲ್ಮ ಮುಗೀತು.” ಅವರ ಊರಿನ ಗುಡ್ಡದ ಮೇಲಿನ ಬಂಡೆ ಅವರಂಥವರನ್ನೇ ಕರೆದು ಮಾತಾಡಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮನೆ ಬಿಡು ಎಂದು ಆ ಶಾಸನ ಹೇಳುವುದಿಲ್ಲ. ಬರೆಸಿದವನೇ ಮನೆ ಬಿಟ್ಟವನಲ್ಲ, ರಾಜ್ಯದ ರಗಳೆಯ ನಡುವೆಯೇ ಕುಳಿತು ಬರೆಸಿದವನು.

ಹಾಗಾದರೆ ಶ್ರಮಿಸುವುದು ಅಂದರೆ ದಿನಾಲು ಏನು ಮಾಡುವುದು? ಗವಿಮಠದ ಬಂಡೆ ಅದನ್ನು ಬಿಡಿಸಿ ಹೇಳುವುದಿಲ್ಲ. ಅವನ ಬೇರೆ ಬರಹಗಳಲ್ಲಿ ಹುಡುಕಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಶಾಸನದ ಜೊತೆಗೆ ಇನ್ನೊಂದಿದೆ: ತಾಯಿತಂದೆಯ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಗುರುವಿಗೆ ಗೌರವ. ಹಳೆಯ ಮಾತುಗಳೇ. ತಾಯಿತಂದೆಯ ಮಾತು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ್ದಿಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಅಷ್ಟು ದೊಡ್ಡ ದೇವಾಲಯ ಕಟ್ಟಿಸಿದ. ತಂದೆಯ ನೆನಪಿಗೊಂದು, ತಾಯಿಯ ನೆನಪಿಗೊಂದು ಗುಡಿಯನ್ನೂ ಕಟ್ಟಿಸಿದ.

ನಮಗೆ, ಹೆಂಗಸರಿಗೆ, ಚುಚ್ಚುವಂಥದು ಒಂಬತ್ತನೆಯ ಬಂಡೆಶಾಸನ. ನಮಗೆ ಹತ್ತಿರದ ಪ್ರತಿ ಆಂಧ್ರದ ಗುತ್ತಿಯ ಬಳಿ ಎರ್ರಗುಡಿಯಲ್ಲಿದೆ. ಕಾಯಿಲೆಗೆ, ಮದುವೆಗೆ, ಮಗು ಹುಟ್ಟಿದರೆ, ಪ್ರಯಾಣ ಹೊರಟರೆ ಜನ ನಾನಾ ಮಂಗಳ ಕಾರ್ಯ ಮಾಡುತ್ತಾರೆ. ಅದರಲ್ಲೂ ಹೆಂಗಸರು ಬಹಳ ಮಾಡುತ್ತಾರೆ, ಅವು ಕ್ಷುಲ್ಲಕ, ಉಪಯೋಗವಿಲ್ಲದವು ಎಂದು ಅಶೋಕ ಖಂಡಿತವಾಗಿ ಹೇಳಿಬಿಡುತ್ತಾನೆ. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ಮಗುವಿನ ಜ್ವರಕ್ಕೆ ಹರಕೆ ಹೊತ್ತವಳ ಕಳವಳ ಅರಮನೆಯಲ್ಲಿ ಕುಳಿತವನಿಗೆ ಏನು ಗೊತ್ತು? ಆದರೆ ಅವನು ಅಲ್ಲಿಗೇ ನಿಲ್ಲಿಸುವುದಿಲ್ಲ. ಮಂಗಳ ಕಾರ್ಯ ಮಾಡಲೇಬೇಕು, ಆದರೆ ಅವುಗಳ ಫಲ ಸ್ವಲ್ಪ. ಹೆಚ್ಚು ಫಲದ ಮಂಗಳ ಬೇರೆ ಇದೆ ಎಂದು ಒಂದು ಪಟ್ಟಿ ಕೊಡುತ್ತಾನೆ. ಪಟ್ಟಿಯ ಮೊದಲನೆಯದು ಏನು ಗೊತ್ತೆ? ದಾಸರು, ಆಳುಗಳ ಜೊತೆ ಸರಿಯಾಗಿ ನಡೆದುಕೊಳ್ಳುವುದು. ಗುರುಹಿರಿಯರು, ದಾನಧರ್ಮ ಎಲ್ಲ ಅದರ ನಂತರ.

ಇಲ್ಲಿ ನನ್ನ ಸಿಟ್ಟು ಇಳಿಯಿತು. ಊರಿನಲ್ಲಿ ನಾನು ಕಂಡ ಮನೆಗಳೆಷ್ಟೋ. ಶ್ರಾವಣದಲ್ಲಿ ಒಂದು ವಾರವೂ ಪೂಜೆ ತಪ್ಪದು, ಭಾಂಡೆ ತಿಕ್ಕುವಾಕೆಯ ಚಹಾದ ಲೋಟ ಮಾತ್ರ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆ. ಆಕೆ ಎರಡು ದಿನ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಮೊದಲು ಸಂಬಳ ಎಷ್ಟು ಹಿಡಿಯಬೇಕು ಎಂಬ ಲೆಕ್ಕ. ಪೂಜೆಗೆ ಕುಳಿತಾಗ ನಾವು ಸಂಕಲ್ಪ ಮಾಡುತ್ತೇವಲ್ಲ, ದೇಶ ಕಾಲ ಹೇಳಿ, ಹೆಸರು ಹೇಳಿ, ಇಂಥದಕ್ಕಾಗಿ ಎಂದು. ಎಷ್ಟು ಒಳ್ಳೆಯ ಪದ್ಧತಿ ಅದು. ಮಾಡುವ ಕೆಲಸ ಯಾತಕ್ಕೆಂದು ಬಾಯಿಬಿಟ್ಟು ಹೇಳಿ ಶುರುಮಾಡುವುದು. ಇವತ್ತು ಸೊಸೆಯ ಮೇಲೆ ದನಿ ಎತ್ತುವುದಿಲ್ಲ ಎಂದೂ ಹಾಗೆಯೇ ಸಂಕಲ್ಪ ಮಾಡಬಹುದು. ಒಂದೇ ದಿನಕ್ಕೆ. ಅಶೋಕನಿಗೇ ಒಂದು ವರ್ಷ ಆಗಲಿಲ್ಲ, ನಮಗೆ ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಮಾಡಿದರಾಯಿತು.

ಇನ್ನೊಂದು ಬರಹ ಉತ್ತರದ ಕಂಬಗಳ ಮೇಲಿದೆ, ಮೂರನೆಯ ಸ್ತಂಭಶಾಸನ. ಮನುಷ್ಯ ತಾನು ಮಾಡಿದ ಒಳ್ಳೆಯದನ್ನು ಮಾತ್ರ ನೋಡುತ್ತಾನೆ, ಕೆಟ್ಟದ್ದನ್ನು ನೋಡುವುದಿಲ್ಲ. ಹಾಗೆ ನೋಡಿಕೊಳ್ಳುವುದು ಕಷ್ಟವೂ ಹೌದು, ಆದರೂ ನೋಡಬೇಕು ಎನ್ನುತ್ತಾನೆ. ಕ್ರೌರ್ಯ, ನಿಷ್ಠುರತೆ, ಸಿಟ್ಟು, ಅಹಂಕಾರ, ಹೊಟ್ಟೆಕಿಚ್ಚು, ಇವು ಕೆಡಿಸುತ್ತವೆ ಎಂದು ಹೆಸರಿಟ್ಟು ಹೇಳುತ್ತಾನೆ. ಕಷ್ಟ ಎಂದು ಒಪ್ಪಿಕೊಂಡಿದ್ದು ನನಗೆ ಹಿಡಿಸಿತು. ಉಪದೇಶ ಮಾಡುವವರು ಸಾಮಾನ್ಯವಾಗಿ ಬಹಳ ಸುಲಭ ಎನ್ನುತ್ತಾರೆ. ಹೀಗೆ ನೋಡಿಕೊಳ್ಳಲು ಹೊತ್ತು ಎಲ್ಲಿದೆ ಎಂದು ಕೇಳುತ್ತೀರಿ. ರಾತ್ರಿ ಎಲ್ಲರ ಊಟವಾಗಿ, ಒಲೆಯ ಕಟ್ಟೆ ಒರೆಸಿ, ಹಾಲು ಉಗುರುಬೆಚ್ಚಗಾಗಲೆಂದು ಕಾಯುತ್ತೇವಲ್ಲ, ಹೆಪ್ಪು ಹಾಕುವ ಮುಂಚೆ? ಮನೆಯಲ್ಲಿ ಯಾರೂ ನಮ್ಮನ್ನು ಕರೆಯದ ಹೊತ್ತು ಅದೊಂದೇ. ಈಗ ಆ ಹೊತ್ತಿಗೂ ಕೈಯಲ್ಲಿ ಮೊಬೈಲು ಬಂದಿದೆ, ಅದು ಬೇರೆ ಮಾತು. ಬೆಳಿಗ್ಗೆಯಿಂದ ಯಾರಿಗೆ ಏನು ಅಂದೆ, ಅನ್ನಬಾರದ್ದು ಯಾವುದು ಎಂದು ನೆನೆದುಕೊಳ್ಳಲು ಅಷ್ಟು ಸಾಕು. ಹಾಲು ಆರುವುದರೊಳಗೆ ಮುಗಿಯುತ್ತದೆ.

ಈ ಶಾಸನಗಳನ್ನು ಬರೆಸಿ ಬಿಟ್ಟುಬಿಡಲಿಲ್ಲ, ಜನರಿಗೆ ಓದಿ ಹೇಳಿಸುತ್ತಿದ್ದರು. ಭೇರಿ ಬಾರಿಸಿ ಜನರನ್ನು ಕೂಡಿಸಿ ಹೇಳಬೇಕೆಂದು ಎರ್ರಗುಡಿಯ ಬರಹದಲ್ಲಿದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡ ನೋಡಿದವರಿಗೆ ನೆನಪಿರುತ್ತದೆ: ನೂರಾರು ಕಲ್ಲಿನ ಗೋರಿಮನೆಗಳು, ಜನ ‘ಮೋರ್ಯರ ಮನೆ’ ಎನ್ನುತ್ತಾರೆ. ಅಲ್ಲೇ ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಒಂದು ದೊಡ್ಡ ಗುಂಡು. ಬಡಿದರೆ ದೂರಕ್ಕೆ ಕೇಳುತ್ತದೆ. ಅಶೋಕನ ಕಾಲಕ್ಕೆ ನಮ್ಮ ಈ ಸೀಮೆಯಲ್ಲಿ ಇದ್ದದ್ದು ಇಂಥ ಕಲ್ಲುಮನೆ ಕಟ್ಟುತ್ತಿದ್ದ ಜನ. ಪ್ರಾಕೃತ ಅವರಿಗೆ ತಿಳಿಯುವ ಮಾತಾಗಿರಲಾರದು, ಯಾರೋ ನಿಂತು ಅವರ ಮಾತಿನಲ್ಲಿ ಹೇಳಿರಬೇಕು. ಚಿಕ್ಕವರೂ ಆಗಬಹುದು ಎಂದು ಕೇಳಿ ಅವರಿಗೆ ಏನನ್ನಿಸಿತೋ!

ಕಳಿಂಗದ ಎರಡು ಪ್ರತ್ಯೇಕ ಶಾಸನಗಳ ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿತು, ಅದೂ ಗುಡಿಯಲ್ಲಿ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ. ತಿಷ್ಯ ನಕ್ಷತ್ರದ ದಿನ ಇದನ್ನು ಕೇಳಿಸಬೇಕು, ನಡುನಡುವೆಯೂ ಕೇಳಿಸಬೇಕು, ಕೇಳುವವರು ಒಬ್ಬರೇ ಇದ್ದರೂ ಕೇಳಿಸಬೇಕು ಎಂದು ಆ ಶಾಸನಗಳ ವಿಧಿ. ಒಬ್ಬರೇ ಇದ್ದರೂ! ಹಿಂದಿನ ಬೆಂಚಿನ ನನ್ನ ಹುಡುಗಿ ನೆನಪಾಗುತ್ತಾಳೆ. ತಿಷ್ಯ ಎಂದರೆ ನಮ್ಮ ಪುಷ್ಯ. ಗವಿಸಿದ್ಧೇಶ್ವರನ ತೇರು ಎಳೆಯುವುದು ಪುಷ್ಯ ಮಾಸದಲ್ಲೇ, ಬನದ ಹುಣ್ಣಿಮೆ ಕಳೆದು ಬಿದಿಗೆಗೆ. ಎರಡಕ್ಕೂ ಸಂಬಂಧವಿದೆ ಎಂದು ನಾನು ಗಂಟು ಹಾಕುವುದಿಲ್ಲ. ಅಜ್ಜನ ಮಠ ಅಶೋಕನಿಗಿಂತ ಎಷ್ಟೋ ಶತಮಾನ ಈಚಿನದು.

ಆದರೆ ಚಿಕ್ಕವರ ಶ್ರಮವನ್ನು ಕಣ್ಣಿಂದ ನೋಡಬೇಕೆಂದರೆ ಆ ಜಾತ್ರೆಯ ದಾಸೋಹಕ್ಕೇ ಹೋಗಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದಲೂ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತವೆ, ಲಕ್ಷಗಟ್ಟಲೆ. ಹದಿನೈದು ದಿನ ಮೊದಲಿನಿಂದ ಓಣಿಯ ಹೆಂಗಸರು ಕೂಡಿ ಬಡಿದು, ಸುಟ್ಟು, ಒಣಗಿಸಿ ಕಟ್ಟುತ್ತಾರೆ. ಯಾರು ತಿನ್ನುತ್ತಾರೋ ಅವರಿಗೆ ಗೊತ್ತಿಲ್ಲ, ತಿನ್ನುವವರಿಗೂ ಬಡಿದವರು ಗೊತ್ತಿಲ್ಲ. 2019ರಲ್ಲಿ ಮಠದ ಈಗಿನ ಸ್ವಾಮಿಗಳು ಹಿರೇಹಳ್ಳದ ಹೂಳು, ಮುಳ್ಳುಕಂಟಿ ತೆಗೆಯಲು ತಾವೇ ಇಳಿದಾಗಲೂ ಕೆಲಸಕ್ಕೆ ಬಂದವರು ಇಂಥವರೇ. ನಮ್ಮ ಓಣಿಯ ಹಿರಿಯಾಕೆ ವರ್ಷಾ ರೊಟ್ಟಿ ಕಳಿಸುತ್ತಾರೆ. ಅದನ್ನು ಅವರು ಜಪದ ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೇ.

ಟ್ರ್ಯಾಕ್ಟರಿನ ಮುಂದಿನ ಬ್ಯಾನರಿನಲ್ಲಿ ಊರಿನ ಹೆಸರಿರುತ್ತದೆ, ಕೆಲವು ಸಲ ಮುಖಂಡರ ಫೋಟೋ ಇರುತ್ತದೆ. ರೊಟ್ಟಿ ಬಡಿದವರ ಹೆಸರು ಇರುವುದಿಲ್ಲ. ಅಲಹಾಬಾದಿನ ಕಂಬದ ಮೇಲೆ ಅಶೋಕನ ಒಂದು ಪುಟ್ಟ ಆಜ್ಞೆಯಿದೆ: ಎರಡನೆಯ ರಾಣಿ, ತೀವರನ ತಾಯಿ ಕಾರುವಾಕಿ ಕೊಟ್ಟದ್ದು ಮಾವಿನ ತೋಪಾಗಲಿ, ತೋಟವಾಗಲಿ, ದಾನದ ಮನೆಯಾಗಲಿ, ಅದನ್ನು ಆಕೆಯ ಹೆಸರಿನಲ್ಲೇ ಬರೆದುಕೊಳ್ಳಬೇಕು ಎಂದು. ಅವನ ಶಾಸನಗಳಲ್ಲಿ ಹೆಸರು ಹಿಡಿದು ಹೇಳಿದ ರಾಣಿ ಈಕೆ ಒಬ್ಬಳೇ. ಕಳೆದ ವರ್ಷ ಈ ಸಂಗತಿಯನ್ನು ಹಿರಿಯಾಕೆಗೆ ಹೇಳಿದೆ. ಅವರು ಪರಾತದಲ್ಲಿ ಹಿಟ್ಟು ನಾದುತ್ತಿದ್ದರು. “ಹೆಸರು ಬ್ಯಾಡ ಬಿಡ್ರಿ ಅಕ್ಕೋರ, ರೊಟ್ಟಿ ಮುರೀದಂಗ ಮುಟ್ಟಿದ್ರ ಸಾಕು” ಎಂದರು. ತುಸು ಹೊತ್ತು ಬಿಟ್ಟು, “ಆ ಕಲ್ಲು ಎಷ್ಟು ಮ್ಯಾಲ ಐತ್ರಿ? ನನ್ನ ಮೊಣಕಾಲಿಗೆ ಹತ್ತಾಕ ಆದೀತೇನು?” ಎಂದು ಕೇಳಿದರು. ಬಿಸಿಲೇರುವ ಮೊದಲು ಹೋದರೆ, ಕೂತು ಕೂತು ಹತ್ತಬಹುದು ಎಂದೆ.