ಬದ್ಲಿಯವನ 240 ದಿನ

ಗೋಕಾಕ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಜಲಪಾತ, ಕರದಂಟು, ಆಮೇಲೆ 1982ರ ಚಳವಳಿ. (ಚಳವಳಿಯ ಹೆಸರು ಊರಿನದಲ್ಲ, ವಿ.ಕೃ. ಗೋಕಾಕರ ವರದಿಯದು. ಇರಲಿ ಬಿಡಿ.) ಜಲಪಾತದ ಪಕ್ಕದಲ್ಲೇ ಇರುವ ಹತ್ತಿ ಗಿರಣಿ ಮಾತ್ರ ಯಾಕೋ ನೆನಪಾಗೋದಿಲ್ಲ. 1885ರಲ್ಲಿ ಕಂಪನಿ ಹುಟ್ಟಿತು, 1887ರಲ್ಲಿ ಘಟಪ್ರಭೆಯ ನೀರಿನ ಬಲದಿಂದ ಗಿರಣಿ ಓಡತೊಡಗಿತು.

ನಮ್ಮ ದೇಶದ ಬಟ್ಟೆ ಗಿರಣಿಗಳು ಕಾನೂನಿಗೆ ಕೊಟ್ಟ ಒಂದು ಪದ ‘ಬದ್ಲಿ’. ನಮ್ಮ ಕನ್ನಡದ ಬದಲಿಯೇ. ಖಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ನಿಲ್ಲುವವನು. ಬೆಳಿಗ್ಗೆ ಗೇಟಿನ ಮುಂದೆ ಕಾಯಬೇಕು, ಎಲ್ಲರೂ ಹಾಜರಿದ್ದರೆ ಬರಿಗೈಲಿ ಮನೆಗೆ. ನಮ್ಮ ಸಾಫ್ಟ್‌ವೇರಿನಲ್ಲಿ ಬೆಂಚ್ ಮೇಲೆ ಕೂತವರಿಗೆ ಸಂಬಳವಾದ್ರೂ ಬರುತ್ತೆ! ಯಾರನ್ನು ಒಳಗೆ ಕರೆಯಬೇಕು ಅನ್ನೋದು ಜಾಬರನ ಕೈಲಿ. ಮುಂಬಯಿಯಲ್ಲಿ ಅವನ ಲಂಚಕ್ಕೆ ಲಗಾಮು ಹಾಕಲೆಂದು 1935ರಲ್ಲಿ ಬದ್ಲಿಗಳ ಪಟ್ಟಿ ಮಾಡಬೇಕಾಯಿತು.

1953ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ತಿದ್ದುಪಡಿ ಬಂತು. ಲೇಆಫ್ ಆದವರಿಗೆ ಅರ್ಧ ಸಂಬಳ, ಬದ್ಲಿಗೆ ಮಾತ್ರ ಇಲ್ಲ. ಒಂದು ವರ್ಷ ಸೇವೆ ತುಂಬಿದರೆ ಅವನನ್ನು ಬದ್ಲಿ ಅನ್ನುವಂತಿಲ್ಲ. ವರ್ಷ ಅಂದರೆ ಹನ್ನೆರಡು ತಿಂಗಳಲ್ಲಿ 240 ದಿನದ ದುಡಿಮೆ. ಲೆಕ್ಕದಲ್ಲಿ ಜಾಣರಾದ ಮಾಲೀಕರು ಎಷ್ಟೋ ಕಡೆ 240 ಮುಟ್ಟದ ಹಾಗೆ ನೋಡಿಕೊಂಡರು.

ಅದೇ 1982ರಲ್ಲಿ ಇನ್ನೊಂದು ತಿದ್ದುಪಡಿ. ಖಾಯಂ ಸವಲತ್ತು ತಪ್ಪಿಸುವ ಉದ್ದೇಶದಿಂದ ವರ್ಷಗಟ್ಟಲೆ ಬದ್ಲಿಯಾಗಿಯೇ ಇಟ್ಟುಕೊಳ್ಳುವುದು ಅನುಚಿತ ಪದ್ಧತಿ ಎಂದಾಯಿತು. ಜಾರಿಗೆ ಬಂದದ್ದು 1984ರಲ್ಲಿ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಗೂ ಆ ಸಾಲು ಹೆಚ್ಚುಕಡಿಮೆ ಹಾಗೇ ಇಳಿದು ಬಂದಿದೆ. ನನಗೆ ತೊಡಕಾಗಿ ಕಾಣೋದು ಆ ‘ಉದ್ದೇಶ’ ಅನ್ನೋ ಪದ. ಅದನ್ನು ಸಾಬೀತು ಮಾಡಬೇಕಾದವನು ಬದ್ಲಿ, ಹಾಜರಿ ಪುಸ್ತಕ ಇರೋದು ಕಂಪನಿಯ ಕಪಾಟಿನಲ್ಲಿ.