ಸ್ಟೀಲ್ ಗಿಟಾರ್: ಕಂಟ್ರಿ ಸಂಗೀತದಲ್ಲಿ ಹೊರಗಿನವರೆನಿಸಿಕೊಂಡ ವಾದಕರು

ಸ್ಟೀಲ್ ಗಿಟಾರ್: ತೊಡೆಯ ಮೇಲೋ ಸ್ಟ್ಯಾಂಡಿನ ಮೇಲೋ ಅಡ್ಡಲಾಗಿ ಮಲಗಿಸಿ, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ, ಬಲಗೈಯಿಂದ ಮೀಟಿ ನುಡಿಸುವ ಗಿಟಾರ್. ಅಮೆರಿಕದ ಕಂಟ್ರಿ ಸಂಗೀತವನ್ನು ಒಂದೆರಡು ಸಲ ಕೇಳಿದವರಿಗೂ ಇದರ ನಾದ ಗುರುತು ಸಿಗುತ್ತದೆ. ಹಾಡುಗಾರ ಸಾಲು ಮುಗಿಸಿದಲ್ಲಿ ಅದನ್ನು ಎತ್ತಿಕೊಂಡು ಮುಂದಕ್ಕೆ ಎಳೆದೊಯ್ಯುವ ದನಿ ಇದು. ಟೆನೆಸಿ, ಟೆಕ್ಸಾಸ್, ಒಕ್ಲಹೋಮಗಳ ಬಿಳಿಯ ರೈತಾಪಿ ಜನರ ಸ್ವಂತ ದನಿಯೆಂದೇ ಇದು ಹೆಸರಾಗಿದೆ. ಹಾಗಾಗಿ ಹವಾಯಿಯವರೋ ಆಫ್ರಿಕನ್-ಅಮೆರಿಕನ್ನರೋ ನೈಜೀರಿಯದವರೋ ಇದನ್ನು ನುಡಿಸಿದಾಗ ಕೇಳುಗರು ಅಚ್ಚರಿಪಡುತ್ತಾರೆ. ಇತಿಹಾಸ ತಿಳಿದವರಿಗೆ ಈ ಅಚ್ಚರಿಗೆ ಕಾರಣ ಕಾಣದು. ವಾದ್ಯ ಹುಟ್ಟಿದ್ದು ಹವಾಯಿಯ ಮೂಲನಿವಾಸಿಗಳ ಕೈಯಲ್ಲಿ. ಕಂಟ್ರಿ ಸಂಗೀತದ ಮೊದಲ ತಲೆಮಾರಿನ ಬಿಳಿಯ ವಾದಕರಲ್ಲಿ ಹಲವರು ಅವರಿಂದ ಕಲಿತವರು. ಇಲ್ಲಿ ಹೊರಗಿನವರೆನಿಸಿಕೊಂಡ ಅನೇಕರು ನಿಜವಾಗಿ ಮನೆ ಕಟ್ಟಿದವರು.

ನುಡಿಸುವ ಕ್ರಮ ಕರ್ನಾಟಕ ಸಂಗೀತದ ರಸಿಕರಿಗೆ ಹೊಸದಲ್ಲ. ಗೋಟುವಾದ್ಯದಲ್ಲಿ ಮೆಟ್ಟಿಲುಗಳಿಲ್ಲದ ದಂಡಿಯ ಮೇಲೆ ನಯವಾದ ತುಂಡೊಂದನ್ನು ಜಾರಿಸಿ ಸ್ವರ ಹೊರಡಿಸುತ್ತಾರೆ. ಜಾರು ಎಂಬ ಗಮಕ ಅಲ್ಲಿ ಅನಾಯಾಸವಾಗಿ ಬರುತ್ತದೆ. ಸ್ಟೀಲ್ ಗಿಟಾರಿನಲ್ಲೂ ಕೆಲಸ ಅದೇ. ಮೆಟ್ಟಿಲುಗಳು ಇದ್ದರೂ ಅವು ಕಣ್ಣಿಗೆ ಗುರುತು ಮಾತ್ರ, ತಂತಿ ಅವನ್ನು ಮುಟ್ಟುವುದಿಲ್ಲ. ಉಕ್ಕಿನ ತುಂಡು ಕೂದಲೆಳೆಯಷ್ಟು ಆಚೀಚೆಯಾದರೂ ಶ್ರುತಿ ತಪ್ಪುತ್ತದೆ. ಅದರ ಹಿಂದೆ ಉಳಿದ ಬೆರಳುಗಳನ್ನು ತಂತಿಗೆ ಹಗುರವಾಗಿ ತಾಗಿಸಿಡದಿದ್ದರೆ ಬೇಡದ ನಾದಗಳೂ ಸೇರಿಕೊಳ್ಳುತ್ತವೆ.

ಹವಾಯಿ ದ್ವೀಪಗಳಿಗೆ ಗಿಟಾರ್ ಬಂದ ಕಥೆಯಲ್ಲಿ ದನಗಾಹಿಗಳಿದ್ದಾರೆ. ಕಾಡುಬಿದ್ದ ದನಗಳ ಹಿಂಡನ್ನು ಹತೋಟಿಗೆ ತರಲು 1830ರ ದಶಕದಲ್ಲಿ ಮೂರನೆಯ ಕಮೆಹಮೆಹ ದೊರೆ ಮೆಕ್ಸಿಕೊ ಕಡೆಯ ಕುದುರೆ ಸವಾರರನ್ನು ಕರೆಸಿಕೊಂಡ. ಅವರ ಜೊತೆ ಗಿಟಾರೂ ಬಂತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಹವಾಯಿಯವರು ತಂತಿಗಳನ್ನು ಸಡಿಲಿಸಿ, ಬೆರಳೊತ್ತದೆಯೇ ಒಂದು ಪೂರ್ಣ ಸ್ವರಮೇಳ ಕೇಳುವಂತೆ ತಮ್ಮದೇ ಶ್ರುತಿಗಳನ್ನು ಕಟ್ಟಿಕೊಂಡರು. ತಂತಿಗಳು ಹಾಗೆ ಶ್ರುತಿಗೂಡಿದ ಮೇಲೆ ಎಲ್ಲವನ್ನೂ ಒಂದೇ ತುಂಡಿನಿಂದ ಒತ್ತಿ ಜಾರಿಸುವುದು ಕೈಗೆಟಕುವ ಮುಂದಿನ ಹೆಜ್ಜೆಯಾಗಿತ್ತು.

ಆ ಹೆಜ್ಜೆ ಇಟ್ಟವನೆಂದು ಹೆಚ್ಚಿನವರು ಹೇಳುವುದು ಒವಾಹು ದ್ವೀಪದ ಲಾಯೆ ಊರಿನ ಜೋಸೆಫ್ ಕೆಕುಕುವನ್ನು. 1874ರಲ್ಲಿ ಹುಟ್ಟಿದ ಈತ ಬಾಲಕನಾಗಿದ್ದಾಗ ರೈಲು ಹಳಿಯ ಬಳಿ ಸಿಕ್ಕ ಬೋಲ್ಟನ್ನು ತಂತಿಗೆ ತಾಗಿಸಿ ಆ ನಾದಕ್ಕೆ ಮನಸೋತ ಎಂಬ ಕಥೆ ಪ್ರಚಲಿತವಾಗಿದೆ. ಬಾಚಣಿಗೆ, ಚಾಕು ಮುಂತಾದವನ್ನು ಪ್ರಯೋಗಿಸಿ ನೋಡಿ, ಕೊನೆಗೆ ಶಾಲೆಯ ಕಾರ್ಯಾಗಾರದಲ್ಲಿ ಉಕ್ಕಿನ ತುಂಡು ಮಾಡಿಕೊಂಡನಂತೆ. ಮೊದಲಿಗರೆಂದು ಬೇರೆ ಹೆಸರುಗಳೂ ಕೇಳಿಬರುತ್ತವೆ. ಅವರಲ್ಲಿ ಗೇಬ್ರಿಯೆಲ್ ಡೇವಿಯನ್ ಎಂಬಾತ ಭಾರತದಲ್ಲಿ ಹುಟ್ಟಿ, ಹಡಗಿನ ಕಪ್ತಾನನೊಬ್ಬನ ಕೈಗೆ ಸಿಕ್ಕಿ ಹೊನೊಲುಲು ಸೇರಿದವನೆಂದು ಹೇಳುವುದುಂಟು. ಹವಾಯಿಯ ಸ್ಲೈಡ್ ವಾದನಕ್ಕೆ ಭಾರತದ ವೀಣೆಯೇ ಮೂಲ ಎನ್ನುವವರು ಈ ಒಂದು ಹೇಳಿಕೆಯನ್ನು ಹಿಡಿದುಕೊಳ್ಳುತ್ತಾರೆ. ಅಷ್ಟು ದೊಡ್ಡ ಮಾತನ್ನು ಹೊರುವ ಬಲ ಆ ಆಧಾರಕ್ಕಿಲ್ಲ. ಪದ್ಧತಿಯನ್ನು ರೂಢಿಗೆ ತಂದು, ಸಹಪಾಠಿಗಳಿಗೆ ಕಲಿಸಿ, ಜಗತ್ತಿಗೆ ಕೇಳಿಸಿದವನು ಕೆಕುಕು ಎಂಬುದರಲ್ಲಿ ಅನುಮಾನ ಬೇಡ. 1904ರಲ್ಲಿ ಆತ ದ್ವೀಪ ಬಿಟ್ಟು ಅಮೆರಿಕದ ಮುಖ್ಯನೆಲಕ್ಕೆ ಹೋದ, ಆಮೇಲೆ ಯುರೋಪನ್ನೂ ಸುತ್ತಿದ. 1932ರಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡ.

ಆ ವಲಸೆಗೆ ರಾಜಕೀಯ ಹಿನ್ನೆಲೆಯೂ ಇತ್ತು. 1893ರಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಲಾಯಿತು, 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿತು. ನೆಲ ಕೈತಪ್ಪಿದ ಕಾಲದಲ್ಲಿ ಅನೇಕ ಸಂಗೀತಗಾರರು ಸಮುದ್ರ ದಾಟಿ ನಾಟಕ ಕಂಪನಿ, ಡೇರೆ ಪ್ರದರ್ಶನ, ಮೇಳಗಳಲ್ಲಿ ಜೀವನೋಪಾಯ ಕಂಡುಕೊಂಡರು. 1912ರಲ್ಲಿ ನ್ಯೂಯಾರ್ಕಿನಲ್ಲಿ ‘ದ ಬರ್ಡ್ ಆಫ್ ಪ್ಯಾರಡೈಸ್’ ನಾಟಕ ರಂಗಕ್ಕೆ ಬಂದಾಗ ಹವಾಯಿಯ ವಾದಕರೇ ಅದರಲ್ಲಿ ನುಡಿಸಿದರು; ವರ್ಷಗಟ್ಟಲೆ ಆ ನಾಟಕ ದೇಶ ಸುತ್ತಿತು. 1915ರ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವಮೇಳದಲ್ಲಿ ಹವಾಯಿ ಮಂಟಪ ಜನರನ್ನು ಸೆಳೆಯಿತು. ಮರುವರ್ಷದ ಹೊತ್ತಿಗೆ ಹವಾಯಿ ಸಂಗೀತದ ಗ್ರಾಮಫೋನ್ ತಟ್ಟೆಗಳು ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವವುಗಳ ಸಾಲಿನಲ್ಲಿದ್ದವು.

ಗುರುಗಳು ಮತ್ತು ಶಿಷ್ಯರು

ಕಂಟ್ರಿ ಸಂಗೀತಕ್ಕೆ ಈ ವಾದ್ಯ ಬಂದದ್ದು ಗಾಳಿಯಲ್ಲಿ ತೇಲಿ ಅಲ್ಲ, ಹೆಸರು ಹೇಳಬಹುದಾದ ವ್ಯಕ್ತಿಗಳ ಮೂಲಕ. ಈ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು ಈ ಗುರುಪರಂಪರೆಯೇ.

ಫ್ರಾಂಕ್ ಫೆರೇರ ಹೊನೊಲುಲುವಿನಲ್ಲಿ ಹುಟ್ಟಿದ, ಪೋರ್ಚುಗೀಸ್ ಮೂಲದ ವಾದಕ. 1915ರಿಂದ ಹತ್ತು ಹದಿನೈದು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಧ್ವನಿಮುದ್ರಿಸಿದ ಗಿಟಾರ್ ವಾದಕರಲ್ಲಿ ಆತನೂ ಒಬ್ಬ. ದಕ್ಷಿಣ ಕೆರೊಲಿನಾದ ಜಿಮ್ಮಿ ಟಾರ್ಲ್‌ಟನ್ 1920ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯದಲ್ಲಿ ಫೆರೇರನನ್ನು ಕಂಡು ಉಕ್ಕಿನ ತುಂಡು ಹಿಡಿಯುವುದನ್ನು ಕಲಿತ. 1927ರಲ್ಲಿ ಟಾಮ್ ಡಾರ್ಬಿಯ ಜೊತೆ ಆತ ಮುದ್ರಿಸಿದ ‘ಕೊಲಂಬಸ್ ಸ್ಟಾಕೇಡ್ ಬ್ಲೂಸ್’ ಕಂಟ್ರಿಯ ಆರಂಭಕಾಲದ ದೊಡ್ಡ ಯಶಸ್ಸುಗಳಲ್ಲಿ ಒಂದು.

‘ಬರ್ಡ್ ಆಫ್ ಪ್ಯಾರಡೈಸ್’ ತಂಡದಲ್ಲಿದ್ದ ವಾಲ್ಟರ್ ಕೊಲೊಮೊಕು ಅಂಚೆಯ ಮೂಲಕವೂ ಪಾಠ ಹೇಳುತ್ತಿದ್ದ. ಅವನ ಪಾಠಗಳನ್ನು ತರಿಸಿಕೊಂಡು ಕಲಿತವನು ಒಕ್ಲಹೋಮದ ಬಾಬ್ ಡನ್. ಈ ಡನ್ 1935ರ ಜನವರಿಯಲ್ಲಿ ಮಿಲ್ಟನ್ ಬ್ರೌನ್‌ನ ಟೆಕ್ಸಾಸ್ ತಂಡದೊಡನೆ ಷಿಕಾಗೊದಲ್ಲಿ ನುಡಿಸಿದ್ದು ಕಂಟ್ರಿ ಧ್ವನಿಮುದ್ರಣದಲ್ಲಿ ಕೇಳಿಬಂದ ಮೊದಲ ವಿದ್ಯುತ್ ಗಿಟಾರ್ ಎನ್ನುತ್ತಾರೆ. ತುತ್ತೂರಿ ಊದಿದಂತೆ ಚೂರುಚೂರಾಗಿ ಸಿಡಿಯುವ ಅವನ ವಾದನದಲ್ಲಿ ಹವಾಯಿಯ ನಿಡಿದಾದ ಎಳೆತ ಕಡಿಮೆ, ಜಾಸ್ ಹೆಚ್ಚು. ಕಲಿಸಿದ್ದು ಹವಾಯಿಯವನು, ಕಲಿತವನು ಅದನ್ನು ತನ್ನದಾಗಿ ಮಾಡಿಕೊಂಡ. ವಿದ್ಯೆ ಕೈಯಿಂದ ಕೈಗೆ ದಾಟಿದಾಗ ಆಗಬೇಕಾದ್ದು ಇದೇ.

ಟೆನೆಸಿಯ ಬೆಟ್ಟದ ಸೀಮೆಯ ಬೀಚರ್ ಕರ್ಬಿ ಕೆಲಸ ಹುಡುಕಿಕೊಂಡು ಮೋಟಾರು ಕಾರ್ಖಾನೆಗಳ ಊರಾದ ಮಿಷಿಗನ್ನಿನ ಫ್ಲಿಂಟ್‌ಗೆ ಹೋಗಿದ್ದ. ಅಲ್ಲಿ ಮನೆಗಳಲ್ಲಿ ನಡೆಯುವ ಸಂತೋಷಕೂಟಗಳಲ್ಲಿ ರೂಡಿ ವೈಕಿಕಿ ಎಂಬ ಹವಾಯಿ ವಾದಕನ ಕೈಯನ್ನೇ ಗಮನಿಸುತ್ತ ಕೂತು ಕಲಿತ. 1939ರಲ್ಲಿ ಕಂಟ್ರಿ ಗಾಯಕ ರಾಯ್ ಏಕಫ್‌ನ ತಂಡ ಸೇರಿ, ‘ಬ್ಯಾಷ್‌ಫುಲ್ ಬ್ರದರ್ ಆಸ್ವಾಲ್ಡ್’ ಎಂಬ ಹೆಸರಿನಲ್ಲಿ ನ್ಯಾಷ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೊ ಕಾರ್ಯಕ್ರಮದಲ್ಲಿ ದಶಕಗಳ ಕಾಲ ನುಡಿಸಿದ. ಅಪ್ಪಟ ಬೆಟ್ಟದ ಸಂಗೀತವೆಂದು ಮನೆಮನೆಯಲ್ಲಿ ರೇಡಿಯೊ ಹಚ್ಚಿ ಕೇಳಿದ ಆ ನಾದದ ಬೇರು ಪೆಸಿಫಿಕ್ ಸಾಗರದ ನಡುವಿನಲ್ಲಿತ್ತು. ಆಸ್ವಾಲ್ಡ್ ಹಿಡಿದ ಡೊಬ್ರೊ ಗಿಟಾರ್, ಅಂದರೆ ಒಳಗೆ ಲೋಹದ ತಟ್ಟೆಯಿಟ್ಟು ನಾದ ಹೆಚ್ಚಿಸಿದ ವಾದ್ಯವನ್ನು ರೂಪಿಸಿದವರೂ ಸ್ಲೊವಾಕಿಯದಿಂದ ವಲಸೆ ಬಂದ ಡೊಪೇರ ಸೋದರರು.

‘ಕಂಟ್ರಿ ಸಂಗೀತದ ಪಿತಾಮಹ’ನೆಂದು ಕರೆಸಿಕೊಳ್ಳುವ ಜಿಮ್ಮಿ ರಾಡ್ಜರ್ಸ್‌ನ ಧ್ವನಿಮುದ್ರಿಕೆಗಳಲ್ಲೇ ಹವಾಯಿಯವರಿದ್ದಾರೆ. 1929ರಲ್ಲಿ ಡಲ್ಲಸ್‌ನಲ್ಲಿ ಜೋ ಕೈಪೊ ಅವನಿಗೆ ಸ್ಟೀಲ್ ನುಡಿಸಿದ. 1930ರಲ್ಲಿ ಹಾಲಿವುಡ್‌ನಲ್ಲಿ ಲಾನಿ ಮೆಕಿಂಟೈರ್‌ನ ಹವಾಯಿ ತಂಡ ಅವನ ಜೊತೆಗೆ ನುಡಿಸಿತು. ಹೊನೊಲುಲುವಿನಿಂದ ಹಡಗಿನಲ್ಲಿ ಕದ್ದು ಕೂತು 1919ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲಪಿದ ಸೋಲ್ ಹೂಪಿಯಿ ಕಂಟ್ರಿ ಹಾಡುಗಾರರ ನಡುವೆ ಇದ್ದದ್ದು ಕಡಿಮೆ. ಆದರೆ ಮುಂದಿನ ಕಂಟ್ರಿ ವಾದಕರ ಒಂದಿಡೀ ಪೀಳಿಗೆ ಅವನ ತಟ್ಟೆಗಳನ್ನು ಸವೆಯುವಷ್ಟು ಹಾಕಿ ಕೇಳಿತು.

ಇಷ್ಟೆಲ್ಲ ಇದ್ದೂ ಈ ಹೆಸರುಗಳು ಮರೆಗೆ ಸರಿಯಲು ಒಂದು ದೊಡ್ಡ ಕಾರಣ ಗ್ರಾಮಫೋನ್ ಕಂಪನಿಗಳ ಪಟ್ಟಿಗಳು. 1920ರ ದಶಕದಲ್ಲಿ ಅವು ಕರಿಯರ ಸಂಗೀತವನ್ನು ‘ರೇಸ್’, ಬಿಳಿಯ ಹಳ್ಳಿಗರ ಸಂಗೀತವನ್ನು ‘ಹಿಲ್‌ಬಿಲಿ’ ಎಂದು ಬೇರ್ಪಡಿಸಿ ಮಾರಿದವು. ಹವಾಯಿ ಸಂಗೀತಕ್ಕೆ ಇನ್ನೊಂದು ಮೂಲೆ. ವಾದಕರು ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಪಟ್ಟಿಗಳು ಕೇಳುಗರನ್ನು ದೂರವಿಟ್ಟವು. ಇದಕ್ಕೆ ಸ್ಪಷ್ಟ ನಿದರ್ಶನವೊಂದಿದೆ. ಕೆಂಟಕಿಯ ಲೂಯಿವಿಲ್‌ನ ಆಫ್ರಿಕನ್-ಅಮೆರಿಕನ್ ವಾದಕ ಸಿಲ್ವೆಸ್ಟರ್ ವೀವರ್ 1923ರಲ್ಲಿ ‘ಗಿಟಾರ್ ರ‍್ಯಾಗ್’ ಎಂಬ ಸ್ಲೈಡ್ ರಚನೆಯನ್ನು ಮುದ್ರಿಸಿದ್ದ. ಬಾಬ್ ವಿಲ್ಸ್ ತಂಡದ ಲಿಯಾನ್ ಮೆಕಾಲಿಫ್ 1936ರಲ್ಲಿ ನುಡಿಸಿ ಜಗದ್ವಿಖ್ಯಾತಗೊಳಿಸಿದ ‘ಸ್ಟೀಲ್ ಗಿಟಾರ್ ರ‍್ಯಾಗ್’ ಅದರ ಮೇಲೆ ನಿಂತದ್ದು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಋಣ ತಾನಾಗಿ ಗೊತ್ತಾಗುತ್ತದೆ. ಕಂಟ್ರಿ ವಾದಕರು ಇಂದಿಗೂ ಕಲಿಯುವ ಈ ಪಾಠದ ಜೊತೆ ವೀವರ್‌ನ ಹೆಸರು ಬರುವುದು ಅಪರೂಪ. ಅದು ಬರಲೇಬೇಕು.

ಪೆಡಲ್ ಬಂದ ಮೇಲೆ

ಹವಾಯಿ ಪದ್ಧತಿಯ ಮಿತಿಯೆಂದರೆ ತುಂಡು ನೆಟ್ಟಗಿರುವುದರಿಂದ ತಂತಿಗಳ ನಡುವಿನ ಅಂತರಗಳು ಬದಲಾಗವು. ಹಲವು ಸ್ವರಮೇಳ ಬೇಕಾದವರು ಎರಡು, ಮೂರು, ನಾಲ್ಕು ಕತ್ತುಗಳ ವಾದ್ಯ ಮಾಡಿಸಿಕೊಂಡರು. ತುಳಿದು ತಂತಿಗಳ ಶ್ರುತಿ ಬದಲಿಸುವ ಪೆಡಲ್ ಈ ತೊಡಕನ್ನು ಬಿಡಿಸಿತು. ಇಂದು ಕಂಟ್ರಿಯಲ್ಲಿ ರೂಢಿಯಲ್ಲಿರುವ ಹತ್ತು ತಂತಿಯ ಇ-9 ಶ್ರುತಿಯನ್ನು ನಮ್ಮ ಸ್ವರಗಳಲ್ಲಿ ಹೀಗೆ ವಿವರಿಸಬಹುದು: ತುಂಡು ಇಟ್ಟಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ ಕೇಳುತ್ತಿವೆ. ಕಾಲಿನಿಂದ ಮೊದಲೆರಡು ಪೆಡಲ್ ತುಳಿದರೆ ಗಾಂಧಾರ ಶುದ್ಧ ಮಧ್ಯಮಕ್ಕೂ ಪಂಚಮ ಚತುಶ್ರುತಿ ಧೈವತಕ್ಕೂ ಏರುತ್ತವೆ, ಷಡ್ಜ ಕದಲುವುದಿಲ್ಲ. ಕೈ ಇದ್ದಲ್ಲೇ ಇದೆ, ಸ್ವರಮೇಳ ಬದಲಾಯಿತು. ಒಂದು ಸ್ವರ ನಿಂತು ಉಳಿದೆರಡು ಏರುವ ಈ ನಾದವೇ ಇಂದು ಕೇಳುಗರ ಕಿವಿಯಲ್ಲಿ ಕಂಟ್ರಿ. ವೆಬ್ ಪಿಯರ್ಸ್‌ನ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಇದನ್ನು ನುಡಿಸಿದ. 1954ರಲ್ಲಿ ಆ ಹಾಡು ಪಟ್ಟಿಯ ತುದಿಗೇರಿದ ಮೇಲೆ ಉಳಿದವರೂ ವಾದ್ಯಕ್ಕೆ ಪೆಡಲ್ ಜೋಡಿಸಿಕೊಳ್ಳತೊಡಗಿದರು.

ಆ ಹೊತ್ತಿಗೆ ಹವಾಯಿಯ ನೇರ ಕೊಂಡಿ ಸಡಿಲವಾಗಿತ್ತು, ಕಡಿದಿರಲಿಲ್ಲ. ಮಾವಿ ದ್ವೀಪದಲ್ಲಿ 1913ರಲ್ಲಿ ಹುಟ್ಟಿದ ಫ್ರೆಡ್ಡಿ ಟವಾರೆಸ್ ಕ್ಯಾಲಿಫೋರ್ನಿಯದ ಸ್ಟುಡಿಯೊಗಳಲ್ಲೂ ವೆಸ್ಟರ್ನ್ ತಂಡಗಳಲ್ಲೂ ನುಡಿಸಿ, 1953ರಲ್ಲಿ ಫೆಂಡರ್ ಕಂಪನಿ ಸೇರಿದರು. ಮರುವರ್ಷ ಹೊರಬಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ವಿನ್ಯಾಸದಲ್ಲಿ ಅವರ ಪಾಲು ದೊಡ್ಡದು. ಲೂನಿ ಟ್ಯೂನ್ಸ್ ಕಾರ್ಟೂನುಗಳ ಆರಂಭದಲ್ಲಿ ಸುಯ್ಯನೆ ಏರುವ ನಾದವೂ ಅವರದೇ. ಎದುರು ದಿಕ್ಕಿನಲ್ಲಿ ನಡೆದವರು ಒಹಾಯೊದ ಜೆರ್ರಿ ಬರ್ಡ್. ಬಾಲ್ಯದಲ್ಲಿ ಡೇರೆ ಪ್ರದರ್ಶನವೊಂದರಲ್ಲಿ ಹವಾಯಿ ತಂಡವನ್ನು ಕೇಳಿ ಮರುಳಾದ ಅವರು ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್‌ಗೆ ನುಡಿಸಿದರು, ನ್ಯಾಷ್‌ವಿಲ್‌ನಲ್ಲಿ ಹೆಸರು ಮಾಡಿದರು, ಪೆಡಲನ್ನು ಮಾತ್ರ ಒಪ್ಪಲಿಲ್ಲ. 1972ರಲ್ಲಿ ಹೊನೊಲುಲುವಿಗೆ ಹೋಗಿ ನೆಲೆಸಿ, ಅಲ್ಲಿ ಕ್ಷೀಣಿಸುತ್ತಿದ್ದ ಸ್ಟೀಲ್ ವಾದನವನ್ನು ಹವಾಯಿಯ ಯುವಕರಿಗೇ ಕಲಿಸಿದರು. ಅಲನ್ ಅಕಾಕ ಅವರ ಶಿಷ್ಯರಲ್ಲೊಬ್ಬರು. ಪಡೆದದ್ದನ್ನು ಪಡೆದಲ್ಲಿಗೇ ಹಿಂದಿರುಗಿಸಿದ ಇಂಥ ಕಲಾವಿದರು ವಿರಳ.

ಪ್ರಾರ್ಥನಾಸಭೆಯ ಸ್ಟೀಲ್

ಇನ್ನೊಂದು ಧಾರೆ ಆಫ್ರಿಕನ್-ಅಮೆರಿಕನ್ ಪೆಂಟಕೋಸ್ಟಲ್ ಸಭೆಗಳದು. 1930ರ ದಶಕದಲ್ಲಿ ಫಿಲಡೆಲ್ಫಿಯದ ಟ್ರೋಮನ್ ಈಸನ್ ಹವಾಯಿಯ ವಾದಕನೊಬ್ಬನಿಂದ ಪಾಠ ಹೇಳಿಸಿಕೊಂಡ. ಅವನ ತಮ್ಮ ವಿಲ್ಲಿ ಈಸನ್ ಆ ವಾದ್ಯವನ್ನು ಹೌಸ್ ಆಫ್ ಗಾಡ್ ಎಂಬ ಚರ್ಚ್ ಪಂಗಡದ ಸಭೆಗಳಿಗೆ ಒಯ್ದು, ಹಾಡುವವರ ಕೂಗು, ನರಳಿಕೆ, ಉದ್ಗಾರಗಳನ್ನೆಲ್ಲ ತಂತಿಯಲ್ಲಿ ಹೊರಡಿಸಿದ. ಆರ್ಗನ್ನಿನ ಜಾಗದಲ್ಲಿ ಸ್ಟೀಲ್ ಗಿಟಾರ್ ಕೂತಿತು. ಬೋಧಕನ ಮಾತು ಏರಿದಂತೆ ಅದೂ ಏರಿ, ಸಭೆಯನ್ನು ಎಬ್ಬಿಸಿ ಕುಣಿಸುವ ಹೊಣೆ ವಾದಕನದಾಯಿತು. 1970ರ ದಶಕದಲ್ಲಿ ಚಕ್ ಕ್ಯಾಂಬೆಲ್ ಮುಂತಾದವರು ಪೆಡಲ್ ಸ್ಟೀಲ್‌ಗೆ ಹೊರಳಿದರು. ಈ ಪಂಗಡದ ಕೀತ್ ಶಾಖೆಯ ಕೇಂದ್ರ ನ್ಯಾಷ್‌ವಿಲ್‌ನಲ್ಲೇ ಇದೆ. ಕಂಟ್ರಿಯ ರಾಜಧಾನಿಯಲ್ಲಿ ವರ್ಷವರ್ಷ ಸೇರುತ್ತಿದ್ದ ಈ ವಾದಕರ ಬಗ್ಗೆ ಹೊರಜಗತ್ತಿಗೆ ಸರಿಯಾಗಿ ತಿಳಿದದ್ದು 1990ರ ದಶಕದಲ್ಲಿ, ಜಾನಪದ ವಿದ್ವಾಂಸ ರಾಬರ್ಟ್ ಸ್ಟೋನ್ ಅವರ ಸಂಗ್ರಹಕಾರ್ಯದಿಂದ.

1977ರಲ್ಲಿ ಹುಟ್ಟಿದ ನ್ಯೂಜೆರ್ಸಿಯ ರಾಬರ್ಟ್ ರ‍್ಯಾಂಡಾಲ್ಫ್ ಈ ಸಭೆಯಲ್ಲೇ ಬೆಳೆದು ಹೊರವೇದಿಕೆಗೆ ಬಂದವರು. ಚರ್ಚಿನ ವಾದ್ಯವನ್ನು ಕ್ಲಬ್ಬುಗಳಿಗೆ ಒಯ್ದದ್ದು ಹಿರಿಯರಿಗೆ ಹಿಡಿಸಲಿಲ್ಲ. 2024ರಲ್ಲಿ ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಆಲ್ಬಮ್ಮಿನ ‘16 ಕ್ಯಾರೇಜಸ್’ ಹಾಡಿನಲ್ಲಿ ಪೆಡಲ್ ಸ್ಟೀಲ್ ನುಡಿಸಿದವರು ಅವರೇ. ಕರಿಯ ಗಾಯಕಿಯೊಬ್ಬರಿಗೆ ಕಂಟ್ರಿಯಲ್ಲಿ ಸ್ಥಾನವಿದೆಯೇ ಎಂಬ ವಾದ ನಡೆಯುತ್ತಿದ್ದ ದಿನಗಳಲ್ಲಿ ಆ ಹಾಡಿನ ಹಿಂದೆ ತೊಂಬತ್ತು ವರ್ಷದ ಪರಂಪರೆ ನುಡಿಯುತ್ತಿತ್ತು.

ಬೇರೆ ಖಂಡಗಳಲ್ಲಿ

ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್‌ನ ಹಾಡುಗಳು ಪಶ್ಚಿಮ ಆಫ್ರಿಕದಲ್ಲಿ ಅಪಾರ ಜನಪ್ರಿಯವಾಗಿದ್ದವು. ನೈಜೀರಿಯದ ಕಿಂಗ್ ಸನ್ನಿ ಅಡೆ ಯೊರುಬಾ ಜನರ ಜೂಜು ಸಂಗೀತಕ್ಕೆ ಪೆಡಲ್ ಸ್ಟೀಲ್ ಸೇರಿಸಿಕೊಂಡರು. ಮಾತನಾಡುವ ಡೋಲುಗಳ ನಡುವೆ ಡೆಮೊಲಾ ಅಡೆಪೊಜು ಅದನ್ನು ನುಡಿಸಿದರು. ಪಾಲ್ ಸೈಮನ್‌ನ 1986ರ ‘ಗ್ರೇಸ್‌ಲ್ಯಾಂಡ್’ ಶೀರ್ಷಿಕೆ ಗೀತೆಯಲ್ಲಿ ಕೇಳುವ ಪೆಡಲ್ ಸ್ಟೀಲ್ ಅಡೆಪೊಜು ಅವರದು. ಲಂಡನ್ನಿನ ಬಿ. ಜೆ. ಕೋಲ್ 1971ರಲ್ಲಿ ಎಲ್ಟನ್ ಜಾನ್‌ನ ‘ಟೈನಿ ಡ್ಯಾನ್ಸರ್’ಗೆ ನುಡಿಸಿ ಬ್ರಿಟನ್ನಿನಲ್ಲಿ ವಾದ್ಯಕ್ಕೆ ಹೆಸರು ತಂದರು.

ಭಾರತಕ್ಕೆ ಇದು ಬಂದದ್ದು ಕಂಟ್ರಿಯ ದಾರಿಯಲ್ಲಲ್ಲ, ಹವಾಯಿ ತಂಡಗಳ ಜೊತೆ. ಸಮೋವಾದಲ್ಲಿ ಹುಟ್ಟಿದ ಟಾವು ಮೋ ಮತ್ತು ಕುಟುಂಬ 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿ ಕಲಿಸಿತು. ‘ಹವಾಯಿಯನ್ ಗಿಟಾರ್’ ಬಂಗಾಳದ ಮನೆಮಾತಾಯಿತು. ಹಿಂದುಸ್ತಾನಿ ವಾದಕ ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗ ವಿಸ್ತರಿಸಿದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಇದೇ ಹಿಂದುಸ್ತಾನಿ ಸ್ಲೈಡ್ ಪದ್ಧತಿಯವರು. ಭಾರತದ ಮತ್ತು ಅಮೆರಿಕದ ಈ ಎರಡು ಶಾಖೆಗಳು ನೇರವಾಗಿ ಕೂಡಿದ್ದು 1995ರ ‘ಬರ್ಬನ್ ಅಂಡ್ ರೋಸ್‌ವಾಟರ್’ ಆಲ್ಬಮ್ಮಿನಲ್ಲಿ. ಅದರಲ್ಲಿ ಮಾರ್ಪಡಿಸಿದ ಸ್ಲೈಡ್ ಗಿಟಾರಾದ ಮೋಹನವೀಣೆಯ ವಿಶ್ವಮೋಹನ ಭಟ್ಟರು ಬ್ಲೂಗ್ರಾಸ್‌ನ ಡೊಬ್ರೊ ವಾದಕ ಜೆರ್ರಿ ಡಗ್ಲಸ್ ಮತ್ತು ಬಾಸ್ ವಾದಕ ಎಡ್ಗರ್ ಮೇಯರ್ ಅವರೊಡನೆ ನುಡಿಸಿದ್ದಾರೆ. ಭಟ್ಟರು ಒಂದು ಸ್ವರದಿಂದ ಇನ್ನೊಂದಕ್ಕೆ ಮೀಂಡ್ ಎಳೆಯುವಾಗ ನಡುವಿನ ಶ್ರುತಿಗಳಲ್ಲೆಲ್ಲ ತಂಗುತ್ತಾರೆ, ಡಗ್ಲಸ್ ಸ್ವರವನ್ನು ತಟ್ಟನೆ ಹಿಡಿದು ಆಮೇಲೆ ಕಂಪಿಸುತ್ತಾರೆ. ಇಬ್ಬರೂ ಉಕ್ಕಿನ ತುಂಡನ್ನೇ ಹಿಡಿದವರಾದರೂ ಯಾವಾಗ ಯಾರ ಸರದಿ ಎಂಬುದನ್ನು ಕೇಳುಗ ಸುಲಭವಾಗಿ ಹೇಳಬಲ್ಲ.